ಬಾಜೂ ಬೆಡ್ಡಿನವರು

ಅತ್ತೆ ಬಿದ್ದದ್ದು ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವಿ ಕೆಳಗೆ ಇಳಿಯುವಾಗ. ಮೆಟ್ಟಿಲು ಮುಗಿದವೆಂದು ತಿಳಿದು ಕಾಲಿಟ್ಟರಂತೆ, ಇನ್ನೂ ಒಂದು ಉಳಿದಿತ್ತು. ನಾನು ಶಾಲೆಗೆ ಹೊರಡುವ ಗಡಿಬಿಡಿಯಲ್ಲಿದ್ದೆ. ಸಪ್ಪಳ ಕೇಳಿ ಹಿತ್ತಲಿಗೆ ಓಡಿದರೆ ಗೋಡೆಗೆ ಒರಗಿ ಬಿದ್ದಿದ್ದರು. ಚೀರಿರಲಿಲ್ಲ. ಎತ್ತಲು ಹೋದ ನನ್ನ ಕೈಯನ್ನು ಬದಿಗೆ ಸರಿಸಿ, "ಎತ್ತಬ್ಯಾಡ. ಎಲುಬು ಮುರದೈತಿ, ಮುರದ ಸಪ್ಪಳ ನನಗ ಕೇಳಿಸೇತಿ. ಮೊದಲ ಅವನ್ನ ಕರಿ," ಎಂದರು.

ಅವನೆಂದರೆ ಅವರ ಮಗ, ನನ್ನ ಗಂಡ. ಸಂಶಿಯ ಪೇಟೆಯಲ್ಲಿ ಅವರದು ಬೀಜ, ಗೊಬ್ಬರ, ಕೀಟನಾಶಕಗಳ ಅಂಗಡಿ. ನಾನು ಅದೇ ಊರಿನ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಅತ್ತೆ ನನಗೆ ಸೋದರತ್ತೆಯೂ ಹೌದು, ನನ್ನಪ್ಪನ ಅಕ್ಕ. ನಾನು ಹುಟ್ಟಿದಾಗ ನನ್ನನ್ನು ಕಾಲಮೇಲೆ ಹಾಕಿಕೊಂಡು ಎರೆದವರು ಅವರೇ. ಹಾಗಾಗಿ ನಮ್ಮ ನಡುವೆ ಅತ್ತೆ ಸೊಸೆಯರ ಮುಚ್ಚುಮರೆ ಇರಲಿಲ್ಲ. ಬೈಯುವುದಿದ್ದರೆ ಬೈಯುತ್ತಿದ್ದರು, ನಾನೂ ತಿರುಗಿ ಅನ್ನುತ್ತಿದ್ದೆ, ಊಟಕ್ಕೆ ಕೂಡುವ ಹೊತ್ತಿಗೆ ಇಬ್ಬರಿಗೂ ಮರೆತಿರುತ್ತಿತ್ತು.

ಹುಬ್ಬಳ್ಳಿಯ ಆಸ್ಪತ್ರೆಯೊಂದಕ್ಕೆ ಸೇರಿಸಿದೆವು. ತೊಡೆಯ ಎಲುಬು ಚಪ್ಪೆಯ ಹತ್ತಿರ, ಸೊಂಟದ ಕೀಲಿನಲ್ಲಿ, ಮುರಿದಿದೆ, ರಾಡು ಹಾಕಬೇಕು ಎಂದರು. ಆಪರೇಶನ್ನಿಗೆ ಮೊದಲು ಮೈಮೇಲಿನದೆಲ್ಲ ಬಿಚ್ಚಿಕೊಡಿ ಎಂದಾಗ ಅತ್ತೆ ಬಳೆ ಕೊಟ್ಟರು, ಕಿವಿಯೋಲೆ ಕೊಟ್ಟರು, ಕೊರಳ ಲಿಂಗ ಮಾತ್ರ ಕೊಡಲಿಲ್ಲ. ಕೊನೆಗೆ ಒಬ್ಬ ಸಿಸ್ಟರು ಅದನ್ನು ಬ್ಯಾಂಡೇಜು ಬಟ್ಟೆಯಲ್ಲಿ ಸುತ್ತಿ ಅವರ ಮುಂಗೈಗೆ ಕಟ್ಟಿದಳು. ಹಾಗೆಯೇ ಒಳಗೆ ಹೋದರು, ಹಾಗೆಯೇ ಹೊರಗೆ ಬಂದರು. ಆಪರೇಶನ್ ಚೆನ್ನಾಗಿ ಆಗಿದೆ, ಬೇಗ ಎಬ್ಬಿಸಿ ನಿಲ್ಲಿಸುತ್ತೇವೆ ಎಂದರು ಡಾಕ್ಟರು. ನಾವೂ ನಂಬಿದೆವು, ನಂಬದಿರಲು ಆಗ ಯಾವ ಕಾರಣವೂ ಇರಲಿಲ್ಲ.

ಹೆಂಗಸರ ವಾರ್ಡಿನಲ್ಲಿ ನಮ್ಮ ಬಾಜೂ ಬೆಡ್ಡಿನವರು ಮಿಶ್ರಿಕೋಟಿಯವರು, ತಾಯಿ ಮತ್ತು ಮಗಳು. ಮಗಳಿಗೆ ಇಪ್ಪತ್ತೆರಡೋ ಇಪ್ಪತ್ತಮೂರೋ ಇರಬೇಕು. ಕಲಘಟಗಿಯ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ. ಸ್ಕೂಟಿಯ ಮೇಲೆ ಮನೆಗೆ ಬರುವಾಗ ಜಲ್ಲಿಯ ಮೇಲೆ ಜಾರಿ, ಮೊಳಕಾಲ ಕೆಳಗಿನ ಎಲುಬು ತೊಗಲು ಹರಿದು ಹೊರಗೆ ಬಂದಿತ್ತಂತೆ. ಕಾಲಿನ ಹೊರಗಡೆಯಿಂದಲೇ ಸರಳು ಕೂಡಿಸಿ ಸ್ಕ್ರೂ ಬಿಗಿದಿದ್ದರು. ಆ ಹುಡುಗಿ ಅದರ ಮೇಲೆ ದುಪಟ್ಟಾ ಮುಚ್ಚಿಕೊಂಡು ಮೊಬೈಲಿನಲ್ಲಿ ಸೀರೆಗಳ ಫೋಟೋ ನೋಡುತ್ತ, ಅಂಗಡಿಯ ಗಿರಾಕಿಗಳಿಗೆ ಅಲ್ಲಿಂದಲೇ ಬಣ್ಣ ಆರಿಸಿಕೊಡುತ್ತಿದ್ದಳು. ತಾಯಿ ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು. ನೆಲದ ಮೇಲೆ ಚಾಪೆ ಹಾಸಿ ಇರುವವರಿಗೆ ಬೇಗ ಒಬ್ಬರಿಗೊಬ್ಬರ ಬಳಕೆಯಾಗುತ್ತದೆ. ನಮ್ಮ ಚಾಪೆಗಳ ನಡುವೆ ಒಂದು ನೀರಿನ ಕೊಡ ಇಡುವಷ್ಟು ಜಾಗವೂ ಇರಲಿಲ್ಲ.

ಅವರು ನನ್ನನ್ನು ಟೀಚರ್ ಎನ್ನುತ್ತಿದ್ದರು, ನಾನು ಅಕ್ಕಾರ ಎನ್ನುತ್ತಿದ್ದೆ. ನಮ್ಮ ಮನೆಯಿಂದ ಜೋಳದ ರೊಟ್ಟಿ, ಪುಂಡಿಪಲ್ಲೆ ಬರುತ್ತಿತ್ತು. ಅವರ ಗಂಡ ಗದ್ದೆ ಕೆಲಸ ಮುಗಿಸಿ ಅನ್ನ, ಹುರುಳಿಕಾಳಿನ ಸಾರು ತರುತ್ತಿದ್ದರು. ಅದನ್ನೂ ಇದನ್ನೂ ಕೂಡಿಸಿ ನಾಲ್ವರೂ ಉಣ್ಣುತ್ತಿದ್ದೆವು. ನಾನು ಸ್ನಾನಕ್ಕೆ ಹೋದಾಗ ಅತ್ತೆಯನ್ನು ಅವರು ನೋಡುತ್ತಿದ್ದರು. ಅವರು ಔಷಧಿ ತರಲು ಕೆಳಗೆ ಹೋದಾಗ ಹುಡುಗಿಗೆ ಬೆಡ್‌ಪ್ಯಾನ್ ನಾನು ಇಡುತ್ತಿದ್ದೆ. ಅತ್ತೆಯನ್ನು ಒಂದು ಮಗ್ಗಲಿಂದ ಇನ್ನೊಂದು ಮಗ್ಗಲಿಗೆ ಹೊರಳಿಸಲು ಇಬ್ಬರು ಬೇಕು. ಇಡೀ ವಾರ್ಡಿಗೆ ಒಬ್ಬಳೇ ಸಿಸ್ಟರು, ಅವಳನ್ನು ಎಷ್ಟು ಸಲ ಕರೆಯುವುದು? ಒಂದು ಕಡೆ ನಾನು, ಒಂದು ಕಡೆ ಅಕ್ಕಾರು ನಿಂತು ಹೊರಳಿಸಿಬಿಡುತ್ತಿದ್ದೆವು. ಹುಡುಗಿಯ ತಲೆಗೆ ಎಣ್ಣೆ ಹಚ್ಚಿ ಹೆಣೆಯುವ ಕೆಲಸ ತಾನಾಗಿಯೇ ನನಗೆ ಬಂತು. ಆ ಹುಡುಗಿ ನಮ್ಮತ್ತೆಯನ್ನು ಆಯಿ ಎಂದು ಕರೆಯತೊಡಗಿದಳು. ಸ್ವಂತ ಮೊಮ್ಮಕ್ಕಳು ಅಜ್ಜಿ ಎನ್ನುತ್ತಿದ್ದರಿಂದ ಅತ್ತೆಗೆ ಈ ಹಳೆಯ ಮಾತು ಬಹಳ ಹಿಡಿಸಿತು.

ನಮ್ಮ ಊರುಗಳ ಪದ್ಧತಿ ಗೊತ್ತೇ ಇದೆ. ಒಬ್ಬರು ಆಸ್ಪತ್ರೆ ಸೇರಿದರೆಂದರೆ ಮಾತಾಡಿಸಲು ಹೋಗದವರು ಮನುಷ್ಯರೇ ಅಲ್ಲ. ಸಂಶಿಯಿಂದ ಟಂಟಂ ಗಾಡಿ ಬಾಡಿಗೆಗೆ ಮಾಡಿಕೊಂಡು ಬಂದರು, ಮೊರಬದಿಂದ ಅತ್ತೆಯ ತಂಗಿಯ ಕಡೆಯವರು ಬಂದರು. ಬಾಳೆಹಣ್ಣು, ಬ್ರೆಡ್ಡು, ಎಳನೀರು. ಬಂದವರೆಲ್ಲ ಕಾಲು ಮುಟ್ಟಿ, "ಎಲ್ಲಿ ಮುರದೈತ್ರಿ, ಇಲ್ಲೇನು?" ಎಂದು ಕೇಳಿ, ವಿಭೂತಿ ಹಚ್ಚಿ, ಅದೇ ಕೈಯಿಂದ ಬಾಜೂ ಬೆಡ್ಡಿನ ಹುಡುಗಿಯ ತಲೆಯನ್ನೂ ಸವರಿ ಹೋಗುತ್ತಿದ್ದರು. ಯಾರು ಬಂದರು, ಯಾರು ಬರಲಿಲ್ಲ ಎಂಬುದು ಅತ್ತೆಗೆ ಬಾಯಿಪಾಠವಾಗಿತ್ತು.

ಪ್ರತಿ ಬೆಡ್ಡಿನ ಕಾಲಕಡೆ ಕೈಗೆ ಹಚ್ಚಿಕೊಳ್ಳುವ ಸ್ಯಾನಿಟೈಸರಿನ ಬಾಟಲಿ ತೂಗುಹಾಕಿದ್ದರು. ಕರೋನಾ ಕಾಲದಲ್ಲಿ ನಾವೆಲ್ಲ ಅದನ್ನು ತೀರ್ಥದ ಹಾಗೆ ಹಿಡಿದುಕೊಂಡಿದ್ದವರೇ. ಈಗ ಕೆಲವು ಖಾಲಿ, ಕೆಲವು ತುಂಬಿದ್ದರೂ ಯಾರೂ ಮುಟ್ಟುತ್ತಿರಲಿಲ್ಲ. ಬೆಳಿಗ್ಗೆ ಡ್ರೆಸಿಂಗ್ ಟ್ರಾಲಿ ಒಂದು ಕಡೆಯಿಂದ ಹೊರಟರೆ ಇನ್ನೊಂದು ಕಡೆಯವರೆಗೂ ಅದೇ. ಸಿಸ್ಟರು ಕೈಗವಸು ಬದಲಿಸುತ್ತಿದ್ದಳು, ನಾನೇ ನೋಡಿದ್ದೇನೆ. ಹೊತ್ತು ಮೀರಿದಾಗ ಬದಲಿಸದಿದ್ದುದನ್ನೂ ನೋಡಿದ್ದೇನೆ. ಅವಳ ಕಣ್ಣ ಕೆಳಗಿನ ಕಪ್ಪು ನೋಡಿದ ಮೇಲೆ ಏನೂ ಅನ್ನಲು ಮನಸ್ಸಾಗುತ್ತಿರಲಿಲ್ಲ.

ಆ ವಾರ್ಡಿನಲ್ಲಿ ತಪ್ಪದೆ ಕೈ ತೊಳೆಯುತ್ತಿದ್ದವರು ಅತ್ತೆ. ಬೆಳಿಗ್ಗೆ ಲಿಂಗಪೂಜೆಗೆ ಮೊದಲು ನಾನು ಬೋಗುಣಿ ಹಿಡಿಯಬೇಕು, ಅವರು ಮೊಳಕೈವರೆಗೂ ತೊಳೆಯಬೇಕು. ಆಮೇಲೆ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ನೀರು ಹನಿಸುವಾಗ ಹಾಸಿಗೆ ಒದ್ದೆಯಾಗುತ್ತಿತ್ತು. ಸಿಸ್ಟರು, "ಅಮ್ಮಾರ, ನೀರ ಗಾಯಕ್ಕ ಹೋಗ್ತಾವ್ರಿ," ಎಂದರೆ, "ದೇವರ ನೀರಿಗೆ ದಾರಿ ಗೊತ್ತೈತಿ, ನೀ ನಿನ್ನ ಕೆಲಸ ಮಾಡವಾ," ಎನ್ನುತ್ತಿದ್ದರು. ಸಿಸ್ಟರು ನಕ್ಕು ಪ್ಲಾಸ್ಟಿಕ್ ಹಾಳೆಯೊಂದನ್ನು ತಂದು ಹಾಸಿದಳು.

ಇನ್ನೇನು ಮನೆಗೆ ಕಳಿಸುತ್ತಾರೆ ಎನ್ನುವಾಗ ಅತ್ತೆಗೆ ಚಳಿ ಬಂತು. ಮರುದಿನ ಡ್ರೆಸಿಂಗ್ ಬಿಚ್ಚಿದಾಗ ಹೊಲಿಗೆಯ ಕೆಳತುದಿಯಲ್ಲಿ ಹಳದಿ ನೀರು ಜಿನುಗುತ್ತಿತ್ತು. ವಾಸನೆ ನನಗೆ ಮೊದಲು ಬಂತು. ಕೀವನ್ನು ಹತ್ತಿಕಡ್ಡಿಯಲ್ಲಿ ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬರುವವರೆಗೆ ಎಂದು ಒಂದು ಔಷಧಿ ಹಾಕಿದರು, ಜ್ವರ ಇಳಿಯಲಿಲ್ಲ. ಬದಲಿಸಿದರು, ಆಗಲೂ ಇಳಿಯಲಿಲ್ಲ. ಆಮೇಲೆ ಒಬ್ಬ ಎಳೆಯ ಪ್ರಾಯದ ಲೇಡಿ ಡಾಕ್ಟರು ನನ್ನನ್ನೂ ನನ್ನ ಗಂಡನನ್ನೂ ವಾರ್ಡಿನ ಹೊರಗಿನ ಬೆಂಚಿನ ಹತ್ತಿರ ಕರೆದರು. ಅವರೂ ನಮ್ಮ ಕಡೆಯವರೇ, ಮಾತಿನಲ್ಲಿ ಗೊತ್ತಾಗುತ್ತಿತ್ತು.

"ಗಾಯದಾಗ ಕಣ್ಣಿಗೆ ಕಾಣದ್ದೊಂದು ಜಂತು, ಬ್ಯಾಕ್ಟೀರಿಯಾ, ಸೇರೇತ್ರಿ. ನಮ್ಮ ಹಂತೇಕ ಇರೋ ಔಷಧಿ ಎಲ್ಲಾ ಹಚ್ಚಿ ನೋಡಿದ್ವಿ. ಭಾಳ ಔಷಧಿಗೆ ಅದು ಸಾಯವಲ್ದು. ಒಂದೆರಡು ಉಳದಾವು. ಅವು ಕಿಡ್ನಿಗೆ ಭಾರ."

ನನ್ನ ಗಂಡ ತಮ್ಮ ಅಂಗಡಿಯ ಮಾತಿನಲ್ಲೇ ಹೇಳಿದರು. "ಅಂದ್ರ ಮೆಣಸಿನಗಿಡದ ನುಸಿ ಆದಂಗ ಆತಲ್ರಿ. ಮೊದಲ ಒಂದ ಎಣ್ಣಿ ಹೊಡದ್ರ ಸಾಯ್ತಿತ್ತು. ಈಗ ಎರಡ ಮೂರ ಕಲಸಿ ಹೊಡದ್ರೂ ಎಲಿ ಮುಟುರೋದು ನಿಲ್ಲವಲ್ದು." ಕೀಟನಾಶಕಕ್ಕೆ ನಮ್ಮಲ್ಲಿ ಎಣ್ಣೆ ಎನ್ನುತ್ತಾರೆ. ದಿನವೂ ಅಂಗಡಿಯಲ್ಲಿ ರೈತರು ಇದನ್ನೇ ಹೇಳಿ ಅವರ ಜೊತೆ ವಾದ ಮಾಡುತ್ತಿದ್ದರು.

"ಅದ ರೀ. ಅಗದಿ ಅದ," ಎಂದರು ಡಾಕ್ಟರು. ಆಮೇಲೆ ಅತ್ತೆ ಮನೆಯಲ್ಲಿ ಯಾವ ಗುಳಿಗೆ ತೆಗೆದುಕೊಳ್ಳುತ್ತಿದ್ದರೆಂದು ಕೇಳಿದರು. ನಾನು ಇದ್ದದ್ದು ಇದ್ದಂತೆ ಹೇಳಿದೆ. ನೆಗಡಿ ಬಂದರೂ ಊರ ಡಾಕ್ಟರ ಹತ್ತಿರ ಸೂಜಿ ಆಗಬೇಕು. ಸೂಜಿ ಹಾಕದ ಡಾಕ್ಟರನ್ನು ಅತ್ತೆ ಡಾಕ್ಟರೆಂದೇ ಎಣಿಸುವುದಿಲ್ಲ. ಬರೆದುಕೊಟ್ಟ ಗುಳಿಗೆಯಲ್ಲಿ ಅರ್ಧ ನುಂಗಿ, ಜ್ವರ ಬಿಟ್ಟಿತೆಂದು ಉಳಿದದ್ದನ್ನು ಬಿಸ್ಕಿಟ್ ಡಬ್ಬಿಯಲ್ಲಿ ಹಾಕಿಡುತ್ತಾರೆ. ಓಣಿಯಲ್ಲಿ ಯಾರಿಗೆ ಮೈ ಬೆಚ್ಚಗಾದರೂ ಆ ಡಬ್ಬಿಯಿಂದ ಎರಡು ಕೊಡುತ್ತಾರೆ.

ಡಾಕ್ಟರು ಬೈಯಲಿಲ್ಲ. "ಇದು ಅಮ್ಮಾರ ಒಬ್ಬರ ಗುಳಿಗಿಯಿಂದ ಬಂದದ್ದಲ್ರಿ. ಊರಾಗ ಎಲ್ಲಾರೂ ನುಂಗಿದ್ದು, ಇಲ್ಲಿ ನಾವು ಹಾಕಿದ್ದು, ಎಲ್ಲಾ ಕೂಡಿ ಅದನ್ನ ಬೆಳಸೇತಿ. ಈಗ ಅದು ಈ ದವಾಖಾನಿ ಒಳಗ ಐತಿ. ಕೈಯಿಂದ ಕೈಗೆ ಹೋಗ್ತೈತಿ." ಹೇಳುತ್ತ ಅವರು ತಮ್ಮ ಕೈಗಳನ್ನೇ ನೋಡಿಕೊಂಡರು. ರಾತ್ರಿಪಾಳಿ ಮುಗಿಸಿಯೂ ಮನೆಗೆ ಹೋಗದೆ ನಿಂತಿದ್ದರು ಅನಿಸುತ್ತದೆ.

ಅದೇ ದಿನ ಅತ್ತೆಯನ್ನು ವರಾಂಡದ ಕೊನೆಯ ಕೋಣೆಗೆ ಸಾಗಿಸಿದರು. ಒಳಗೆ ಬರುವವರೆಲ್ಲ ನೀಲಿ ಗೌನು, ಕೈಗವಸು ಹಾಕಬೇಕು. ನಾನೊಬ್ಬಳೇ ಇರಬೇಕು, ವಾರ್ಡಿಗೆ ಕಾಲಿಡಬಾರದು, ಮಾತಾಡಿಸಲು ಯಾರೂ ಬರಬಾರದು. ಬಾಗಿಲಿಗೆ ಕೆಂಪು ಕಾಗದ ಅಂಟಿಸಿದರು. ಅತ್ತೆ ಅದನ್ನು ಓದಲಾರರು, ಬಣ್ಣ ಮಾತ್ರ ನೋಡಿದರು.

"ನಮ್ಮ ಮನ್ಯಾಗ ಸೂತಕ ಇಲ್ಲ, ಮೈಲಿಗಿ ಇಲ್ಲ. ಹಡದಾಗ ಸೈತ ನಾವು ಹೊರಗ ಕುಂತವರಲ್ಲ. ಈ ವಯಸ್ಸಿನ್ಯಾಗ ಇಲ್ಲಿ ಬಂದು ಮೈಲಿಗಿ ಆದ್ನಿ ನೋಡು," ಎಂದರು.

"ಮೈಲಿಗಿ ಅಲ್ರಿ ಅತ್ತಿ, ಜಂತು."

"ಎರಡೂ ಒಂದ. ಮಂದಿ ಮುಟ್ಟಂಗಿಲ್ಲ."

ಮಕ್ಕಳಿಗೆ ಸೂಕ್ಷ್ಮಜೀವಿಗಳ ಪಾಠ ಹೇಳಿಕೊಟ್ಟವಳು ನಾನು. ಹಲಗೆಯ ಮೇಲೆ ಕಡ್ಡಿಯಾಕಾರ, ಗುಂಡಾಕಾರ ಎಂದು ಬರೆದು ತೋರಿಸಿದವಳು. ಕೈಗವಸಿನ ಕೈಯಿಂದ ಅತ್ತೆಯ ಹಣೆ ಮುಟ್ಟಿದಾಗ ಅವರು ಮುಖ ಆಚೆ ತಿರುಗಿಸಿದರು. ರಬ್ಬರಿನ ಸ್ಪರ್ಶ ಅವರಿಗೆ ಕಡೆಯವರೆಗೂ ಒಗ್ಗಲಿಲ್ಲ.

ಅಕ್ಕಾರು ದಿನವೂ ಬಾಗಿಲವರೆಗೆ ಬಂದು ನಿಲ್ಲುತ್ತಿದ್ದರು. ಅನ್ನದ ಡಬ್ಬಿಯನ್ನು ಹೊಸ್ತಿಲ ಹೊರಗೆ ಇಟ್ಟು, "ಟೀಚರ್, ಉಣ್ರಿ. ತಂಗಳ ಆಗಿ ಹೋಗ್ತೈತಿ," ಎಂದು ಹೇಳಿ ಹೋಗುತ್ತಿದ್ದರು. ಹುಡುಗಿ ಹೇಗಿದ್ದಾಳೆಂದು ಕೇಳಿದರೆ ಕೈಯಲ್ಲೇ ಆರಾಮ ಎಂಬಂತೆ ತೋರಿಸುತ್ತಿದ್ದರು. ಒಂದು ದಿನ ಬರಲಿಲ್ಲ. ಮರುದಿನವೂ ಬರಲಿಲ್ಲ. ಗೌನು ತರುವ ಆಯಾಳನ್ನು ಕೇಳಿದೆ. "ಆ ಹುಡುಗಿಗೂ ಜ್ವರ ಬಂದಾವ್ರಿ," ಎಂದಳು. ಸರಳು ಒಳಹೋದ ಕಡೆ ಕೀವು ಕಾಣಿಸಿತ್ತು. ಪರೀಕ್ಷೆಗೆ ಕಳಿಸಿದರು. ಅದೇ ಜಂತು, ಅವೇ ಔಷಧಿಗಳಿಗೆ ಬಗ್ಗದ್ದು.

ಇಬ್ಬರಿಗೂ ಒಂದೇ ಆದ್ದರಿಂದ ಇಬ್ಬರನ್ನೂ ಒಂದೇ ಕೋಣೆಯಲ್ಲಿ ಇಡುತ್ತೇವೆ ಎಂದರು. ಹುಡುಗಿಯ ಬೆಡ್ಡನ್ನು ತಳ್ಳಿಕೊಂಡು ಬಂದಾಗ ಅತ್ತೆ ತಲೆ ಎತ್ತಿ ನೋಡಿ, "ಬಾ ಯವ್ವಾ. ಈಗ ನಾವಿಬ್ರೂ ಒಂದ ಮನಿಯವ್ರಾದ್ವಿ," ಎಂದರು. ಹುಡುಗಿ ನಗಲು ಪ್ರಯತ್ನಿಸಿದಳು. ಅವಳ ಹಿಂದೆ ಬಂದ ಅಕ್ಕಾರು ನನ್ನ ಮುಖ ನೋಡಲಿಲ್ಲ. ಚಾಪೆಯನ್ನು ಆಚೆ ಗೋಡೆಯ ಹತ್ತಿರ ಹಾಸಿಕೊಂಡರು.

ರೌಂಡ್ಸಿಗೆ ಡಾಕ್ಟರು ಬಂದಾಗ ಅಕ್ಕಾರು ಎಲ್ಲರೆದುರಿಗೇ ಕೇಳಿದರು. "ಮೊದಲ ಯಾರಿಗೆ ಬಂದದ್ರಿ ಇದು?"

"ಮೊದಲ ಗೊತ್ತಾದದ್ದು ಅಮ್ಮಾರಿಗೆ," ಎಂದರು ಲೇಡಿ ಡಾಕ್ಟರು. "ಮೊದಲ ಬಂದದ್ದು ಯಾರಿಗೆ ಅಂತ ನನಗೂ ಹೇಳಾಕ ಬರಂಗಿಲ್ರಿ. ನಿಮಗಿಂತ ಮುಂಚೆ ಆ ಬೆಡ್ಡಿನ್ಯಾಗ ಇದ್ದವರಿಂದ ಬಂದಿರಬಹುದು. ನಮ್ಮ ಟ್ರಾಲಿಯಿಂದ ಬಂದಿರಬಹುದು. ನಮ್ಮ ಕೈಯಿಂದನೂ ಬಂದಿರಬಹುದು."

"ಇವರ ಕೈಯಿಂದ?" ಅಕ್ಕಾರು ನನ್ನ ಕಡೆ ಬೆರಳು ತೋರಿಸಲಿಲ್ಲ, ಆದರೆ ಕೋಣೆಯಲ್ಲಿ ಬೇರೆ ಯಾರಿದ್ದರು?

"ಬಂದಿರಬಹುದು. ನಿಮ್ಮ ಕೈಯಿಂದ ಅವರಿಗೂ ಹೋಗಿರಬಹುದು."

ನನಗೆ ಆ ಮಾತು ಸರಿಯೆಂದು ಗೊತ್ತಿತ್ತು. ನನ್ನ ಕೈ ಆ ಹುಡುಗಿಯ ತಲೆ ಹೆಣೆದಿತ್ತು, ಬೆಡ್‌ಪ್ಯಾನ್ ಇಟ್ಟಿತ್ತು. ಅವರ ಕೈ ಅತ್ತೆಯನ್ನು ಹೊರಳಿಸಿತ್ತು, ಬಾಯಿಗೆ ಅನ್ನ ಇಟ್ಟಿತ್ತು. ಆ ಕೋಣೆಯಲ್ಲಿ ಆಮೇಲೆ ಕಳೆದ ದಿನಗಳು ನನ್ನ ಜೀವನದಲ್ಲೇ ಅತಿ ಉದ್ದವಾದವು. ಅವರ ಡಬ್ಬಿ ಅವರದು, ನಮ್ಮ ಬುತ್ತಿ ನಮ್ಮದು. ಅತ್ತೆ ಒಮ್ಮೆ ನನ್ನನ್ನು, ಒಮ್ಮೆ ಅವರನ್ನು ನೋಡಿ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಸಿಟ್ಟು ಬರಬೇಕಿತ್ತೇನೋ ನನಗೂ, ಬರಲಿಲ್ಲ. ಮೈಯಲ್ಲಿ ಅದಕ್ಕೆ ಜಾಗವಿರಲಿಲ್ಲ.

ಹೊಸ ಔಷಧಿ ಶುರುವಾಗಿತ್ತು. ಕಿಡ್ನಿ ನೋಡಲು ದಿನಾ ರಕ್ತ ತೆಗೆಯುತ್ತಿದ್ದರು. ಅತ್ತೆಯ ಎರಡೂ ಕೈ ನೀಲಿಗಟ್ಟಿ, ನರ ಸಿಗದೆ, ಪಾದದಲ್ಲಿ ಹುಡುಕಿದರು. ಹಾಕಿದ ರಾಡನ್ನು ತೆಗೆಯದೆ ಗಾಯ ಮಾಯುವುದಿಲ್ಲ ಎಂದು ಮತ್ತೊಮ್ಮೆ ಆಪರೇಶನ್ ಮಾಡಿ ತೆಗೆದುಹಾಕಿದರು. ಬೆನ್ನಿನ ಕೆಳಗೆ ಹಾಸಿಗೆಹುಣ್ಣು ಎದ್ದಿತು. ಒಂದು ಬೆಳಿಗ್ಗೆ ನಾನೊಬ್ಬಳೇ ಅವರನ್ನು ಹೊರಳಿಸಲು ಹೆಣಗುತ್ತಿದ್ದೆ. ಗೌನು ಬೆವರಿಗೆ ಅಂಟಿತ್ತು. ಅತ್ತೆ ನೋವಿಗೆ ಹಲ್ಲು ಕಚ್ಚಿದ್ದರು. ಹಿಂದಿನಿಂದ ಕೈಗವಸು ಚಟಕ್ಕನೆ ಎಳೆದುಕೊಂಡ ಸಪ್ಪಳ ಕೇಳಿತು. ಅಕ್ಕಾರು ಆಚೆ ಬದಿಗೆ ಬಂದು ನಿಂತು, "ಹೂಂ, ಎತ್ರಿ," ಎಂದರು. ಇಬ್ಬರೂ ಹೊರಳಿಸಿದೆವು. ಆಮೇಲೆ ಅವರು ಕೈಗವಸು ತೆಗೆದು ಬುಟ್ಟಿಗೆ ಹಾಕಿ, ನಲ್ಲಿಯ ಹತ್ತಿರ ಹೋಗಿ ಬಹಳ ಹೊತ್ತು ಕೈ ತೊಳೆದು, ತಮ್ಮ ಚಾಪೆಗೆ ಹೋಗಿ ಕುಳಿತರು. ಅಂದು ಸಂಜೆ ರೊಟ್ಟಿಯನ್ನು ಕೇಳಿ ಇಸಿದುಕೊಂಡರು.

ಯುಗಾದಿ ಆ ಕೋಣೆಯಲ್ಲೇ ಆಯಿತು. ನನ್ನ ಗಂಡ ತಂದ ಬೇವು ಬೆಲ್ಲವನ್ನು ಬಾಗಿಲಲ್ಲೇ ಕೊಟ್ಟು ಹೋದರು. ಅತ್ತೆಯ ಜ್ವರ ನಿಧಾನವಾಗಿ ಇಳಿಯತೊಡಗಿತ್ತು. ಹುಡುಗಿಯದು ಇಳಿಯಲಿಲ್ಲ. ಮತ್ತೆ ಮತ್ತೆ ಥಿಯೇಟರಿಗೆ ಕರೆದೊಯ್ದು ಗಾಯ ತೊಳೆದು ತಂದರು. ಪ್ರತಿ ಸಲವೂ ಸ್ವಲ್ಪ ಎಲುಬು ಕೆರೆದು ತೆಗೆಯುತ್ತಿದ್ದರು. ಅವಳು ಮೊಬೈಲ್ ನೋಡುವುದನ್ನು ಬಿಟ್ಟಳು. ಅಂಗಡಿಯಿಂದ ಕರೆ ಬಂದರೆ ಎತ್ತುತ್ತಿರಲಿಲ್ಲ. ತಲೆ ಹೆಣೆಯಲು ಕೂತರೆ ಕೂದಲು ನನ್ನ ಬೆರಳಿಗೆ ಸುತ್ತಿಕೊಂಡು ಬರುತ್ತಿತ್ತು. ಕಾಣದಂತೆ ಸೆರಗಿನಲ್ಲಿ ಮುದುಡಿಟ್ಟುಕೊಳ್ಳುತ್ತಿದ್ದೆ.

ದೊಡ್ಡ ಡಾಕ್ಟರು ಬಂದು, ಜಂತು ಎಲುಬಿನ ಒಳಗೆ ಹೋಗಿದೆ, ರಕ್ತಕ್ಕೆ ಏರಿದರೆ ಕೈಮೀರುತ್ತದೆ, ಮೊಳಕಾಲ ಕೆಳಗೆ ಕಾಲು ತೆಗೆಯುವುದು ಒಳ್ಳೆಯದು ಎಂದರು. ಅಕ್ಕಾರ ಗಂಡ ಅವತ್ತು ಬಂದಿದ್ದರು. ಕೆಸರಿನ ಕಾಲಲ್ಲಿ ಬಂದವರಂತೆ ಬಾಗಿಲಲ್ಲೇ ಮುದುಡಿ ನಿಂತಿದ್ದರು. "ಇನ್ನೊಂದ ಸಲ ತೊಳದ ನೋಡ್ರಿ ಸಾಹೇಬ್ರ," ಎಂದರು. ಅಕ್ಕಾರು, "ಬ್ಯಾರೆ ದವಾಖಾನಿಗೆ ಹೋಗೂಣು," ಎಂದರು.

"ಬ್ಯಾಡ ಬೇ," ಎಂದಳು ಹುಡುಗಿ. "ತಗೀಲಿ. ನನಗ ಸಾಕಾಗೈತಿ. ಆ ಕಾಲ ನನ್ನದು ಅಂತ ಅನಸವಲ್ದು."

ಅಕ್ಕಾರು ಹೊರಗೆ ಹೋದರು. ಗೌನು ಬಿಚ್ಚುವುದನ್ನೂ ಮರೆತು ವರಾಂಡದಲ್ಲಿ ನಡೆದುಹೋಗುತ್ತಿದ್ದರು. ಆಯಾ ಹಿಂದೆ ಓಡಿದಳು. ಆಪರೇಶನ್ನಿಗೆ ಕರೆದೊಯ್ಯುವಾಗ ಅತ್ತೆ ತಮ್ಮ ವಿಭೂತಿ ಗಟ್ಟಿಯನ್ನು ನನ್ನ ಕೈಗೆ ಕೊಟ್ಟು, "ಹಚ್ಚು," ಎಂದರು. ಹಚ್ಚಬಹುದೇ ಎಂದು ನಾನು ಸಿಸ್ಟರ ಮುಖ ನೋಡಿದೆ. ಸಿಸ್ಟರು ಇಲ್ಲ ಎಂದು ತಲೆಯಾಡಿಸಿದಳು. ನಾನು ಹಚ್ಚಲಿಲ್ಲ. ಹುಡುಗಿ ಅದನ್ನು ನೋಡಿ, "ಇರ್ಲಿ ಆಯಿ. ಬಂದ ಮ್ಯಾಲ ಹಚ್ಚೀರಂತ," ಎಂದಳು.

ಅವರಿಗಿಂತ ಮೊದಲು ನಾವು ಮನೆಗೆ ಬಂದೆವು. ಮುಂಗಾರು ಇನ್ನೂ ಬಿದ್ದಿರಲಿಲ್ಲ. ಅತ್ತೆಯ ಒಂದು ಕಾಲು ಗಿಡ್ಡವಾಗಿದೆ. ವಾಕರ್ ಹಿಡಿದು ಪಡಸಾಲೆಯಿಂದ ಬಚ್ಚಲವರೆಗೆ ಹೋಗುತ್ತಾರೆ. ಗಾಯ ಮಾಯಿತೆಂದರೂ ಒಂದು ಕಡೆ ಸಣ್ಣ ರಂಧ್ರ ಬಹಳ ದಿನ ಉಳಿದು, ಆಗಾಗ ಹನಿ ಕೀವು ಬರುತ್ತಿತ್ತು. ದಿನವೂ ಡ್ರೆಸಿಂಗ್ ನಾನೇ ಮಾಡುತ್ತಿದ್ದೆ. ಬಟ್ಟೆ ಬೇರೆ ಕುದಿಸುತ್ತಿದ್ದೆ. ಶಾಲೆಗೆ ಹೋಗಿ ಬಂದು, ಅಡುಗೆ ಮಾಡಿ, ಮತ್ತೆ ಕೈ ತೊಳೆದು, ಮತ್ತೆ ಮುಟ್ಟಿ, ಮತ್ತೆ ತೊಳೆದು. ಬೆರಳ ಸಂದಿಯ ತೊಗಲು ಸುಲಿದು, ಸೀಮೆಸುಣ್ಣ ಹಿಡಿದರೆ ಉರಿಯುತ್ತಿತ್ತು. ತರಗತಿಯಲ್ಲಿ ಮಕ್ಕಳು ಮಗ್ಗಿ ಹೇಳುವಾಗ ನಿಂತಲ್ಲೇ ಕಣ್ಣು ಮುಚ್ಚಿಹೋಗುತ್ತಿತ್ತು.

ಆಸ್ಪತ್ರೆಗೆ ಟಂಟಂ ಮಾಡಿಕೊಂಡು ಬಂದ ಓಣಿ ಮನೆಗೆ ಬರಲು ಹಿಂದೆ ಮುಂದೆ ನೋಡಿತು. ಬಸುರಿಯರಿದ್ದ ಮನೆಯವರು ಅಂಗಳದಲ್ಲೇ ನಿಂತು, "ಅದು ಹತ್ತತೈತೇನ್ರಿ?" ಎಂದು ಕೇಳಿದರು. ಗಟ್ಟಿಮುಟ್ಟಾದವರಿಗೆ ಅಷ್ಟು ಭಯವಿಲ್ಲ, ಕೈ ತೊಳೆದರೆ ಸಾಕು ಎಂದು ಡಾಕ್ಟರು ಹೇಳಿದ್ದನ್ನೇ ಹೇಳಿದೆ. ಹತ್ತು ಸಲ ಹೇಳಿ ಸಾಕಾಗಿ, ಆಮೇಲೆ ಹೇಳುವುದನ್ನೂ ಬಿಟ್ಟೆ. ಅವರ ಅಂಜಿಕೆ ತಪ್ಪೆಂದು ನನಗೂ ಪೂರ್ತಿ ಅನಿಸುತ್ತಿರಲಿಲ್ಲ.

ಇಷ್ಟೆಲ್ಲ ಆದ ಮೇಲಾದರೂ ಅತ್ತೆ ಬದಲಾದಾರು ಎಂದುಕೊಂಡಿದ್ದೆ. ಶ್ರಾವಣದಲ್ಲಿ ಅವರಿಗೆ ಸಣ್ಣಗೆ ನೆಗಡಿ ಬಂತು. ಮೂಗು ಒರೆಸಿಕೊಳ್ಳುತ್ತ, "ನಡಿ, ಒಂದ ಸೂಜಿ ಹಾಕಿಸ್ಕೊಂಡ ಬರೂಣು," ಎಂದರು.

"ಅತ್ತಿ, ಡಾಕ್ಟರು ಏನ್ ಹೇಳ್ಯಾರ ನೆಪ್ಪೈತಿಲ್ಲೋ?"

"ಅದು ದೊಡ್ಡ ಜಂತಿಂದು. ಇದು ನೆಗಡಿ."

ನನ್ನ ಗಂಡ ಅಂಗಡಿಗೆ ಹೊರಟವರು ಚಪ್ಪಲಿ ಮೆಟ್ಟುತ್ತ ನಕ್ಕರು. ನನಗೂ ನಗು ಬಂತು, ನಗುತ್ತಲೇ ಹೊಸ್ತಿಲ ಮೇಲೆ ಕುಳಿತುಬಿಟ್ಟೆ, ಏಳಲು ಸ್ವಲ್ಪ ಹೊತ್ತು ಬೇಕಾಯಿತು. ಸೂಜಿ ಹಾಕಿಸಲಿಲ್ಲ. ಅತ್ತೆ ಎರಡು ದಿನ ಮಾತು ಬಿಟ್ಟರು. ನೆಗಡಿ ತಾನಾಗಿಯೇ ಹೋಯಿತು. ಬಿಸ್ಕಿಟ್ ಡಬ್ಬಿಯಲ್ಲಿದ್ದ ಗುಳಿಗೆಗಳನ್ನು ನಾನು ಎಂದೋ ತೆಗೆದುಹಾಕಿದ್ದೆ. ಓಣಿಯವರ ಮನೆಗಳಲ್ಲಿ ಅಂಥ ಡಬ್ಬಿಗಳು ಇನ್ನೂ ಇವೆ.

ಮಿಶ್ರಿಕೋಟಿಗೆ ಹೋಗಬೇಕೆಂದು ಅಂದುಕೊಳ್ಳುತ್ತಲೇ ಇದ್ದೆ. ದೀಪಾವಳಿಯ ರಜೆಯಲ್ಲಿ ಹೋದೆ. ಹುಬ್ಬಳ್ಳಿಗೆ ಹೋಗಿ ಬಸ್ಸು ಬದಲಿಸಿ ಇಳಿದಾಗ ಗದ್ದೆಗಳಲ್ಲಿ ಭತ್ತ ಕೊಯ್ಲಿಗೆ ಬಂದಿತ್ತು. ಅಕ್ಕಾರು ಅಂಗಳ ಸಾರಿಸುತ್ತಿದ್ದರು. ನನ್ನನ್ನು ನೋಡಿ ಎದ್ದು ನಿಂತರು. ಸಗಣಿಯ ಕೈಯನ್ನು ಬಕೆಟ್ಟಿನಲ್ಲಿ ತೊಳೆದುಕೊಂಡರು. ಆಮೇಲೆ, "ಬರ್ರಿ ಟೀಚರ್, ಒಳಗ ಬರ್ರಿ. ಆಯಿ ಆರಾಮ ಅದಾರ್ರಿ?" ಎಂದರು.

ಹುಡುಗಿ ಪಡಸಾಲೆಯಲ್ಲಿ ಕುರ್ಚಿಯ ಮೇಲೆ ಕುಳಿತು ಕೃತಕ ಕಾಲಿನ ಪಟ್ಟಿ ಬಿಗಿಯುತ್ತಿದ್ದಳು. ಕೂದಲು ಗಿಡ್ಡ ಕತ್ತರಿಸಿಕೊಂಡಿದ್ದಳು. ವಾರದಲ್ಲಿ ಕೆಲವು ದಿನ ಅಂಗಡಿಗೆ ಹೋಗುತ್ತಾಳಂತೆ. ಮೊದಲಿನಂತೆ ದಿನವಿಡೀ ನಿಂತು ಸೀರೆ ಬಿಡಿಸಿ ತೋರಿಸಲಾಗುವುದಿಲ್ಲ, ಕೂತು ಬಿಲ್ಲು ಬರೆಯುತ್ತಾಳೆ. "ಗಿರಾಕಿಗೋಳು ಮೊದಲ ಕಾಲ ನೋಡ್ತಾರ್ರಿ, ಆಮ್ಯಾಲ ಸೀರಿ ನೋಡ್ತಾರ," ಎಂದಳು. ದುಃಖವೂ ಇರಲಿಲ್ಲ, ನಗುವೂ ಇರಲಿಲ್ಲ. ಹವಾಮಾನದ ಸುದ್ದಿ ಹೇಳಿದಂತೆ ಹೇಳಿದಳು.

ಅವಳು ಒಳಗೆ ಹೋದಾಗ ಅಕ್ಕಾರು ಚಹಾದ ಬಟ್ಟಲು ನನ್ನ ಮುಂದಿಟ್ಟು ಎದುರಿಗೆ ಕುಳಿತರು.

"ಆವಾಗ ನಿಮ್ಮ ಮ್ಯಾಲ ನನಗ ಭಾಳ ಸಿಟ್ಟಿತ್ರಿ."

"ಗೊತ್ರಿ ಅಕ್ಕಾರ."

"ಆಮ್ಯಾಲ ನನ್ನ ಮ್ಯಾಲ ನನಗ ಬಂತು. ಆಮ್ಯಾಲ ದವಾಖಾನಿ ಮ್ಯಾಲ. ತಪ್ಪು ಯಾರ ಮ್ಯಾಲ ಇಟ್ರೂ ಪೂರಾ ಕೂಡವಲ್ದು." ಸೆರಗಿನಿಂದ ಕುತ್ತಿಗೆ ಒರೆಸಿಕೊಂಡರು. "ಈಗ ಇಲ್ರಿ. ಬರೇ ದಣಿವಾಗೈತಿ. ನೀವೂ ಸೊರಗೀರಿ."

"ಹೌದ್ರಿ," ಎಂದೆ. ಬೇರೆಯವರು ಕೇಳಿದ್ದರೆ ಆರಾಮ ಇದ್ದೇನೆ ಎನ್ನುತ್ತಿದ್ದೆ. ಅವರಿಗೆ ಹಾಗೆ ಹೇಳಬೇಕಾಗಿರಲಿಲ್ಲ. ನನ್ನನ್ನು ಚಾಪೆಯ ಮೇಲೆ, ಗೌನಿನಲ್ಲಿ, ಕೆದರಿದ ತಲೆಯಲ್ಲಿ ನೋಡಿದವರು ಈ ಲೋಕದಲ್ಲಿ ಅವರೊಬ್ಬರೇ. ಚಹಾ ಕುಡಿದೆವು. ಭತ್ತಕ್ಕೆ ಈ ಸಲ ಎಂಥ ಮಳೆ ಬಿತ್ತು, ಕೊಯ್ಲಿಗೆ ಆಳು ಸಿಗುತ್ತಾರೋ ಇಲ್ಲವೋ, ಇದೇ ಮಾತಾಡಿದೆವು.

ಹೊರಡುವಾಗ ಹುಡುಗಿ ತಾನೂ ಬಸ್‌ಸ್ಟ್ಯಾಂಡಿನವರೆಗೆ ಬರುತ್ತೇನೆ ಎಂದಳು. ಅಕ್ಕಾರು ಬೇಡ ಎನ್ನಲಿಲ್ಲ. ಮೂವರೂ ಅವಳ ನಡಿಗೆಗೆ ನಮ್ಮ ನಡಿಗೆ ಹೊಂದಿಸಿಕೊಂಡು ಹೊರಟೆವು. ದಾರಿಯಲ್ಲಿ ಎರಡು ಕಡೆ ನಿಂತಳು, ನಾವೂ ನಿಂತೆವು. ನಾವಿನ್ನೂ ದೂರವಿರುವಾಗಲೇ ಹುಬ್ಬಳ್ಳಿಯ ಬಸ್ಸು ಬಂದು ನಿಂತಿತು. ಕಂಡಕ್ಟರು ಬಾಗಿಲಲ್ಲಿ ನಿಂತು ಹುಡುಗಿ ನಡೆಯುವುದನ್ನು ನೋಡಿ, ಸೀಟಿ ಊದದೆ ಕಾಯುತ್ತಿದ್ದ. ಮೂವರೂ ಹತ್ತುವವರೆಂದು ತಿಳಿದಿದ್ದ ಅನಿಸುತ್ತದೆ.

"ಎಷ್ಟ ಮಂದ್ರಿ?" ಎಂದು ಕೇಳಿದ.

"ಒಬ್ಬಾಕಿ," ಎಂದು ನಾನು ಹತ್ತಿದೆ. ಕಿಟಕಿಯಿಂದ ನೋಡಿದರೆ ತಾಯಿ ಮಗಳು ಅದಾಗಲೇ ಮನೆಯ ಕಡೆ ತಿರುಗಿ ನಡೆಯತೊಡಗಿದ್ದರು. ಸೀಟಿಗೆ ತಲೆ ಒರಗಿಸಿದೆ. ಹುಬ್ಬಳ್ಳಿ ಬಂದಾಗ ಕಂಡಕ್ಟರೇ ಎಬ್ಬಿಸಬೇಕಾಯಿತು.